ಕಪಾಟಿನ ಮೂಲೆಯ ಹಳೆಯ ಗಡಿಯಾರ

ಅಂಚೆಚೀಟಿ, ನಾಣ್ಯಗಳನ್ನು ಕೂಡಿಡುವವರು ನಮ್ಮಲ್ಲಿ ಬಹಳ. ಹಳೆಯ ಆಟೊಮ್ಯಾಟಿಕ್ ಕೈಗಡಿಯಾರಗಳನ್ನು ಸಂಗ್ರಹಿಸುವ ಹವ್ಯಾಸಿಗಳೂ ಇದ್ದಾರೆ. ಇದು ಸಿರಿವಂತರ ಹವ್ಯಾಸವೆಂದು ಯಾರೂ ದೂರ ಸರಿಯಬೇಕಾಗಿಲ್ಲ. ರಬಾಳೆ, ಐರೋಲಿ, ಘನಸೋಲಿಯ ನಮ್ಮವರ ಮನೆಗಳಲ್ಲಿ ಹುಡುಕಿದರೆ, ಹಿರಿಯರು ಊರಿನಿಂದ ಬರುವಾಗ ಕಟ್ಟಿಕೊಂಡು ಬಂದ ಎಚ್‌ಎಂಟಿ ಗಡಿಯಾರವೊಂದು ಕಪಾಟಿನ ಮೂಲೆಯಲ್ಲಿ ಸಿಕ್ಕೀತು.

ಆಟೊಮ್ಯಾಟಿಕ್ ಗಡಿಯಾರಕ್ಕೆ ಬ್ಯಾಟರಿ ಬೇಡ, ದಿನವೂ ಕೀ ಕೊಡುವ ಕೆಲಸವೂ ಇಲ್ಲ. ಅದರೊಳಗೆ ಅರ್ಧಚಂದ್ರಾಕಾರದ ಲೋಹದ ತುಂಡೊಂದು ಇರುತ್ತದೆ. ಕೈ ಆಡಿದಂತೆಲ್ಲ ಅದು ತಿರುಗಿ ಸ್ಪ್ರಿಂಗನ್ನು ಸುತ್ತುತ್ತದೆ. ಬಿಚ್ಚಿಟ್ಟರೆ ಸಾಮಾನ್ಯವಾಗಿ ಒಂದೂವರೆ ದಿನದಲ್ಲಿ ನಿಲ್ಲುತ್ತದೆ. ಕೈಗಡಿಯಾರದಲ್ಲಿ ಈ ವಿಧಾನಕ್ಕೆ 1920ರ ದಶಕದಲ್ಲಿ ಪೇಟೆಂಟ್ ಪಡೆದವರು ಇಂಗ್ಲೆಂಡಿನ ಜಾನ್ ಹಾರ್ವುಡ್.

ನಮ್ಮ ನಾಡಿಗೂ ಈ ಕಥೆಯಲ್ಲಿ ಹೆಮ್ಮೆಯ ಪಾಲಿದೆ. ಜಪಾನಿನ ಸಿಟಿಜನ್ ಸಂಸ್ಥೆಯ ಸಹಕಾರದಿಂದ ಎಚ್‌ಎಂಟಿಯ ಗಡಿಯಾರ ಕಾರ್ಖಾನೆ ಬೆಂಗಳೂರಿನಲ್ಲಿ 1961ರಲ್ಲಿ ಸ್ಥಾಪನೆಯಾಯಿತು. ಮುಂದೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ಅದರ ಆಟೊಮ್ಯಾಟಿಕ್‌ಗಳಲ್ಲಿ ಚಿನ್ನದ ಲೇಪದ 'ಕಾಂಚನ್' ಮದುಮಗನಿಗೆ ಕೊಡುವ ಉಡುಗೊರೆಯೆಂದೇ ಹೆಸರಾಗಿತ್ತು. ಕ್ವಾರ್ಟ್ಜ್ ಗಡಿಯಾರಗಳು ಬಂದ ಮೇಲೆ ಕಾಲ ಬದಲಾಯಿತು. 2016ರಲ್ಲಿ ಎಚ್‌ಎಂಟಿ ವಾಚಸ್ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸರಕಾರ ಒಪ್ಪಿಗೆ ನೀಡಿತು. ಆ ಕಾಲದ ಕಾಂಚನ್‌ಗಳಲ್ಲಿ ಕೆಡದೆ ಉಳಿದವೇ ಇಂದು ಸಂಗ್ರಾಹಕರಿಗೆ ಬೇಕಾದವು.

ಆದರೆ ಇಲ್ಲೊಂದು ಎಚ್ಚರ ಬೇಕು. ಹಳೆಯ ಡಯಲಿಗೆ ಹೊಸ ಬಣ್ಣ ಬಳಿದು, ಬೇರೆ ಬೇರೆ ಗಡಿಯಾರಗಳ ಬಿಡಿಭಾಗ ಜೋಡಿಸಿ ಮಾರುವುದುಂಟು. ಪರದೇಶದ ಸಂಗ್ರಾಹಕರು ಇಂಥವನ್ನು 'ಮುಂಬಯಿ ಸ್ಪೆಷಲ್' ಎಂದು ಹಾಸ್ಯ ಮಾಡುತ್ತಾರೆ! ಅಕ್ಷರಗಳು ದಪ್ಪಗೆ ಹರಡಿದ್ದರೆ, ನಿಮಿಷದ ಗೆರೆಗಳು ಗಂಟೆಯ ಗುರುತಿಗೆ ಹೊಂದದಿದ್ದರೆ ಸಂಶಯಪಡಿ. ಡಯಲಿನ ಮೇಲೆ 'ಆಟೊಮ್ಯಾಟಿಕ್' ಎಂದಿದ್ದರೂ ಒಳಗೆ ಕೀ ಕೊಡುವ ಯಂತ್ರವಿರಬಹುದು. ಆದ್ದರಿಂದ ಹಿಂದಿನ ಮುಚ್ಚಳ ತೆಗೆಸಿ ನೋಡದೆ ಕೊಳ್ಳಬೇಡಿ.

ಇದೇ ಮಾತು ನಮ್ಮ ಮನೆಯ ಗಡಿಯಾರಕ್ಕೂ ಸಲ್ಲುತ್ತದೆ. ಪ್ರೀತಿಯಿಂದಲೇ ನಾವು ಅದನ್ನು 'ಹೊಸದರಂತೆ ಮಾಡಿಕೊಡಿ' ಎಂದು ಅಂಗಡಿಗೆ ಕೊಡುತ್ತೇವೆ. ಮಾಸಿದ ಡಯಲು ಮಿರಿಮಿರಿ ಮಿಂಚುತ್ತ ಮರಳಿ ಬರುತ್ತದೆ. ಆದರೆ ತಂದೆಯವರು ದಿನವೂ ನೋಡುತ್ತಿದ್ದ ಮುಖ ಅಳಿಸಿಹೋಗಿರುತ್ತದೆ, ಸಂಗ್ರಾಹಕರ ಕಣ್ಣಿನಲ್ಲಿ ಬೆಲೆಯೂ ಇಳಿದಿರುತ್ತದೆ. ಬಲ್ಲ ರಿಪೇರಿಯವರಿಂದ ಯಂತ್ರವನ್ನು ತೊಳೆಸಿ ಎಣ್ಣೆ ಹಾಕಿಸಿದರೆ ಸಾಕು. ಡಯಲು, ಮುಳ್ಳುಗಳನ್ನು ಮುಟ್ಟಬೇಡಿರೆಂದು ಮೊದಲೇ ಹೇಳಿ. ಬದಲಿಸಿದ ಬಿಡಿಭಾಗಗಳನ್ನು ಮರಳಿ ಕೇಳಿ ಪಡೆಯಿರಿ. ಹಳೆಯ ಗಡಿಯಾರಕ್ಕೆ ನೀರು ತಾಗಿಸಬೇಡಿ. ನಡುರಾತ್ರಿಯ ಆಸುಪಾಸಿನಲ್ಲಿ ತಾರೀಕು ಬದಲಿಸಬೇಡಿ, ಹಲ್ಲುಚಕ್ರ ಮುರಿದೀತು.

ಊರಿಗೆ ಹೋಗುವ ದಾರಿಯಲ್ಲಿ ಬೆಂಗಳೂರು ಸಿಕ್ಕಿದರೆ ಜಾಲಹಳ್ಳಿಯ ಎಚ್‌ಎಂಟಿ ವಸ್ತುಸಂಗ್ರಹಾಲಯವನ್ನು ಮಕ್ಕಳಿಗೆ ತೋರಿಸಿ. ಅದಕ್ಕೂ ಮೊದಲು ಕಪಾಟಿನ ಗಡಿಯಾರ ಯಾರದು, ಯಾವ ವರ್ಷ, ಯಾವ ಸಂದರ್ಭದಲ್ಲಿ ಮನೆಗೆ ಬಂತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಅದರ ಜೊತೆಗಿಡಿ. ಹೇಳುವ ಹಿರಿಯರು ಇರುವಾಗಲೇ ಈ ಕೆಲಸ ಆಗಬೇಕು.