ನಿಮಗಿದು ಗೊತ್ತೇ? ಕ್ರೇಜಿ ಕ್ವಿಲ್ಟ್ ಮತ್ತು ಟ್ಯಾಟಿಂಗ್

ಕ್ರೇಜಿ ಕ್ವಿಲ್ಟ್ ಎಂಬ ಹೆಸರಿದ್ದರೂ ಅದರಲ್ಲಿ ಪದರಗಳನ್ನು ಸೇರಿಸಿ ಹೊಲಿಯುವ ಕ್ವಿಲ್ಟಿಂಗ್ ಇರುವುದೇ ಅಪರೂಪ! ನಮ್ಮ ಉತ್ತರ ಕರ್ನಾಟಕದ ಕೌದಿಯಲ್ಲಿ ಸಾಲುಹೊಲಿಗೆ ಎಲ್ಲ ಪದರಗಳನ್ನೂ ಹಾದುಹೋಗುತ್ತದೆ. ಇಲ್ಲಿ ಹಾಗಲ್ಲ. ಹತ್ತಿ ಬಟ್ಟೆಯೊಂದರ ಮೇಲೆ ರೇಷ್ಮೆ, ಮಖಮಲ್ಲಿನ ಚೂರುಗಳನ್ನು ಅಡ್ಡಾದಿಡ್ಡಿಯಾಗಿ ಕೂರಿಸಿ ಹೊಲಿಯುತ್ತಾರೆ. ಹಿಂದಿನ ಅಸ್ತರನ್ನು ಅಲ್ಲಲ್ಲಿ ಗಂಟು ಹಾಕಿ ಹಿಡಿಸಿದರೆ ಮುಗಿಯಿತು. ಹೊದ್ದು ಮಲಗುವುದಕ್ಕಿಂತ ಪಡಸಾಲೆಯಲ್ಲಿ ಹಾಸಿ ಬಂದವರಿಗೆ ತೋರಿಸುವುದಕ್ಕೇ ಇದು ಹೆಚ್ಚು ಬಳಕೆಯಾಗುತ್ತಿತ್ತು.

ಅಮೆರಿಕದ ಹೆಂಗಸರಿಗೆ ಈ ಹುಚ್ಚು ಹಿಡಿದದ್ದು 1880ರ ದಶಕದಲ್ಲಿ. 1876ರ ಫಿಲಡೆಲ್ಫಿಯಾ ವಸ್ತುಪ್ರದರ್ಶನದಲ್ಲಿ ಜಪಾನಿನ ಕಲೆಯನ್ನೂ ಲಂಡನ್ನಿನ ರಾಯಲ್ ಸ್ಕೂಲ್ ಆಫ್ ಆರ್ಟ್ ನೀಡಲ್‌ವರ್ಕ್‌ನ ಕಸೂತಿಯನ್ನೂ ಕಂಡದ್ದೇ ಇದಕ್ಕೆ ಇಂಬು ಕೊಟ್ಟಿತೆಂದು ಬಲ್ಲವರು ಹೇಳುತ್ತಾರೆ. ಹಳೆಯ ಕ್ವಿಲ್ಟ್‌ಗಳಲ್ಲಿ ಜಪಾನಿ ಬೀಸಣಿಗೆ ಮತ್ತೆ ಮತ್ತೆ ಕಾಣಿಸಲು ಕಾರಣ ಇದೇ.

ಮನೆಯ ಚೂರುಗಳು ಸಾಲದಿದ್ದರೆ? ಪತ್ರಿಕೆಯ ಜಾಹೀರಾತು ನೋಡಿ ರೇಷ್ಮೆ ತುಂಡುಗಳ ಪೊಟ್ಟಣವನ್ನು ಅಂಚೆಯಲ್ಲಿ ತರಿಸಿಕೊಳ್ಳಬಹುದಿತ್ತು. ಸಿಗಾರ್ ಕಟ್ಟಿನ ರಿಬ್ಬನ್ನು, ಚುನಾವಣೆಯ ರಿಬ್ಬನ್ನು ಕೂಡ ಸೇರುತ್ತಿದ್ದವು.

ಮೂಲೆಯಲ್ಲಿ ಜೇಡರ ಬಲೆ ಕಸೂತಿ ಮಾಡಿದರೆ ಅದೃಷ್ಟ ಎಂಬ ನಂಬಿಕೆಯಿತ್ತು.

ಈ ಕೆಲಸದ ನಿಜವಾದ ಸೊಗಸು ಚೂರುಗಳಲ್ಲಿಲ್ಲ, ಅವು ಕೂಡುವ ಅಂಚುಗಳಲ್ಲಿದೆ. ಎಡಕ್ಕೊಂದು ಬಲಕ್ಕೊಂದು ಕುಣಿಕೆ ಹಾಕುತ್ತ ಸಾಗುವ ಫೆದರ್ ಸ್ಟಿಚ್, ಓರೆಗೆರೆಗಳು ಒಂದನ್ನೊಂದು ದಾಟುವ ಹೆರಿಂಗ್‌ಬೋನ್, ಕಾಜಾ ಹೊಲಿಗೆ, ಸರಪಳಿ ಹೊಲಿಗೆ, ನಡುನಡುವೆ ಫ್ರೆಂಚ್ ನಾಟ್. ಪ್ರತಿ ಅಂಚಿಗೂ ಬೇರೆ ಹೊಲಿಗೆ ಹಾಕುವುದರಲ್ಲೇ ಹೊಲಿಯುವವಳ ಜಾಣ್ಮೆ.

ನೂರು ವರ್ಷ ದಾಟಿದ ಕ್ವಿಲ್ಟ್‌ಗಳಲ್ಲಿ ಕೆಲವು ರೇಷ್ಮೆ ಚೂರುಗಳು ಮಾತ್ರ ಸೀಳುಸೀಳಾಗಿ ಉದುರುತ್ತವೆ, ಪಕ್ಕದ ಚೂರು ಗಟ್ಟಿಯಾಗಿರುತ್ತದೆ. ಏಕೆ ಗೊತ್ತೇ? ಕಚ್ಚಾ ರೇಷ್ಮೆಯ ಎಳೆಗಂಟಿದ ಸಹಜ ಅಂಟನ್ನು ತೆಗೆದಾಗ ಅದರ ತೂಕ ಸುಮಾರು ಕಾಲುಭಾಗ ಇಳಿಯುತ್ತದೆ. ಮಾರುವುದು ತೂಕದ ಲೆಕ್ಕದಲ್ಲಿ! ಕಳೆದ ತೂಕ ತುಂಬಲು ತವರ, ಕಬ್ಬಿಣದ ಲವಣಗಳನ್ನು ಉಣಿಸುತ್ತಿದ್ದರು. ಆ ಲವಣವೇ ಎಳೆಯನ್ನು ತಿಂದುಹಾಕಿತು. ಅಷ್ಟು ಕಷ್ಟಪಟ್ಟು ಹೊಲಿದವರಿಗೆ ಆದ ದೊಡ್ಡ ಅನ್ಯಾಯವಿದು. ಅಂಥ ಕ್ವಿಲ್ಟನ್ನು ನೀರಿಗೆ ಹಾಕಲೇಬೇಡಿ.

ಇನ್ನು ಇಂಥ ಕ್ವಿಲ್ಟ್‌ನ ಮೇಲೆ ಕೂರಿಸಬಹುದಾದ ಟ್ಯಾಟಿಂಗ್. ದಾರ ಸುತ್ತಿದ ಪುಟ್ಟ ಶಟಲ್ ಹಿಡಿದು ಮಾಡುವ ಈ ಲೇಸಿನಲ್ಲಿ ಪೂರ್ತಿ ಗಂಟುಗಳೇ. ಶಟಲ್‌ನ ದಾರ ನೆಟ್ಟಗೆ ನಿಲ್ಲಬೇಕು, ಬೆರಳಿಗೆ ಸುತ್ತಿದ ದಾರ ಅದರ ಮೇಲೆ ಗಂಟಾಗಿ ಕೂರಬೇಕು. ಕಟ್ಟುವ ಗಳಿಗೆಯಲ್ಲಿ ಇದು ತಿರುವುಮುರುವಾಗಿರುತ್ತದೆ. ಬೆರಳು ಸಡಿಲಿಸಿ ಶಟಲ್‌ನ ದಾರ ಜಗ್ಗಿದಾಗ ಗಂಟು ಟಕ್ಕನೆ ಒಂದು ದಾರದಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ಜಿಗಿಯದಿದ್ದರೆ ಗಂಟುಗಳ ಸಾಲು ಜಗ್ಗಿ ಮಾಡುವ ಉಂಗುರ ಮುಚ್ಚುವುದೇ ಇಲ್ಲ! ಕಲಿಯುವವರೆಲ್ಲ ಮೊದಲು ತಡವರಿಸುವುದು ಇಲ್ಲೇ. ಜಿಗಿತ ಕೈಗೆ ಸಿಕ್ಕಿದ ಮೇಲೆ ಉಳಿದದ್ದು ಬರೀ ಅಭ್ಯಾಸ.

1886ರಲ್ಲಿ ಹೊರಬಂದ ತೆರೇಸ್ ದ ದಿಲ್ಮಾಂಟ್ ಅವರ ಹೊಲಿಗೆಯ ವಿಶ್ವಕೋಶದಲ್ಲಿ ಟ್ಯಾಟಿಂಗ್‌ಗೆಂದೇ ಒಂದು ಅಧ್ಯಾಯವಿದೆ.

ಟ್ಯಾಟಿಂಗ್ ಲೇಸನ್ನು ಕ್ವಿಲ್ಟ್‌ಗೆ ಕೂರಿಸುವಾಗ ಗಂಟುಗಳ ನಡುವೆ ಸೂಜಿ ತೂರಿಸಬೇಡಿ. ಅಂಚಿನಲ್ಲಿ ಪುಟ್ಟ ಕುಣಿಕೆಗಳಿರುತ್ತವಲ್ಲ, ಪಿಕೋ ಎನ್ನುತ್ತಾರೆ, ಅವುಗಳ ಮೂಲಕವೇ ತೆಳುದಾರದಲ್ಲಿ ಟಾಕು ಹಾಕಿ. ಬಿಳಿ ಲೇಸು ಕಪ್ಪು ಮಖಮಲ್ಲಿನ ಮೇಲೆ ಎದ್ದು ಕಾಣುತ್ತದೆ. ಉಂಗುರಗಳನ್ನು ಹೂವಿನಂತೆ ಜೋಡಿಸಿದ್ದರೆ ನಡುವೆ ಒಂದು ಮಣಿ ಪೋಣಿಸಿ. ಬಣ್ಣದ ದಾರವಾದರೆ ಲೇಸನ್ನು ಮೊದಲೇ ತೊಳೆದು, ಬಣ್ಣ ಬಿಡುವುದಿಲ್ಲವೆಂದು ಖಾತ್ರಿ ಮಾಡಿಕೊಂಡೇ ರೇಷ್ಮೆಯ ಮೇಲಿಡಿ.