ಅಮ್ಮನನ್ನು ಎಲ್ಲಿ ಸೇರಿಸಲಿ?

ಮೂರು ವರ್ಷದ ಹಿಂದೆ ಚಿಕ್ಕಬಳ್ಳಾಪುರದ ಖಾಸಗಿ ಆಸ್ಪತ್ರೆಯೊಂದಕ್ಕೆ ಸ್ಟಾಫ್ ನರ್ಸ್ ಹುದ್ದೆಯ ಸಂದರ್ಶನಕ್ಕೆ ಹೋಗಿದ್ದೆ. ಡ್ರಿಪ್ ಲೆಕ್ಕ, ಔಷಧದ ಡೋಸು ಎಲ್ಲ ಬಾಯಿಪಾಠ ಮಾಡಿಕೊಂಡಿದ್ದೆ. ಮೇಡಂ ಕೇಳಿದ್ದೇ ಬೇರೆ: ‘ನಿಮ್ಮಮ್ಮನಿಗೆ ಹುಷಾರಿಲ್ಲದಿದ್ರೆ ಇಲ್ಲಿಗೇ ಕರ್ಕೊಂಡು ಬರ್ತೀಯಾ?’ ‘ಖಂಡಿತಾ ಮೇಡಂ’ ಎಂದೆ. ಕೆಲಸ ಸಿಕ್ಕಿತು. ಆ ಆಸ್ಪತ್ರೆಯ ವಾರ್ಡನ್ನು ನಾನಿನ್ನೂ ನೋಡಿಯೇ ಇರಲಿಲ್ಲ!

ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಪ್ರತಿವರ್ಷ ಸಿಬ್ಬಂದಿಯನ್ನು ಹೆಚ್ಚುಕಡಿಮೆ ಇದನ್ನೇ ಕೇಳುತ್ತಾರಂತೆ. ನಿಮ್ಮ ಗೆಳೆಯರಿಗೋ ನೆಂಟರಿಗೋ ಚಿಕಿತ್ಸೆ ಬೇಕಾದರೆ ಇಲ್ಲಿನ ಆರೈಕೆ ನಿಮಗೆ ಸಮಾಧಾನವೇ ಎಂದು. ನನ್ನನ್ನು ಕೇಳುವವರು ಊರಿನವರು. ನಮ್ಮೂರು ಮುದ್ದೇನಹಳ್ಳಿ. ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟೂರು ಎಂದರೆ ಎಲ್ಲರಿಗೂ ಗೊತ್ತು. 2023ರ ಮಾರ್ಚ್‌ನಲ್ಲಿ ಪ್ರಧಾನಿ ಬಂದು ವೈದ್ಯಕೀಯ ಕಾಲೇಜನ್ನೂ ಉದ್ಘಾಟಿಸಿದರು. ಆದರೂ ಯಾರಿಗೆ ಹೊಟ್ಟೆನೋವು ಬಂದರೂ ಮೊದಲು ತಟ್ಟುವುದು ನಮ್ಮ ಮನೆ ಬಾಗಿಲನ್ನೇ.

ಕಳೆದ ವರ್ಷ ಹೊಟ್ಟೆನೋವು ಬಂದದ್ದು ನಮ್ಮಮ್ಮನಿಗೇ. ಪಿತ್ತಕೋಶದಲ್ಲಿ ಕಲ್ಲು. ಅಪ್ಪ ‘ಬೆಂಗಳೂರಿಗೆ ಹೋಗೋಣ’ ಎಂದು ಹಟ ಹಿಡಿದರು. ನನಗೆ ರಾತ್ರಿಯೆಲ್ಲ ನಿದ್ದೆಯಿಲ್ಲ. ಸಾಮಾನ್ಯ ಆಸ್ಪತ್ರೆಯ ವಾರ್ಡಿನಲ್ಲಿ ಐದು ರೋಗಿಗಳಿಗೆ ಒಬ್ಬ ನರ್ಸ್ ಇರಬೇಕೆಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ಲೆಕ್ಕ. ನೈಟ್ ಡ್ಯೂಟಿಯಲ್ಲಿ ಹತ್ತೊಂಬತ್ತು ಜನರನ್ನು ನಾನೊಬ್ಬಳೇ ನೋಡಿದ್ದೇನೆ. ಹತ್ತಕ್ಕೆ ಕೊಡಬೇಕಾದ ಆ್ಯಂಟಿಬಯೋಟಿಕ್ಕನ್ನು ಹನ್ನೊಂದೂವರೆಗೆ ಕೊಟ್ಟಿದ್ದೇನೆ. ಹಾಗೆಯೇ, ನಮ್ಮ ಸರ್ಜನ್ ಅವಸರ ಮಾಡುವವರಲ್ಲ ಎನ್ನುವುದೂ ಗೊತ್ತು. ಓಟಿಯ ಸೀನಿಯರ್ ಅಕ್ಕ ಹೊಲಿಗೆ ಹಾಕುವ ಮುಂಚೆ ಗಾಜ್ ತುಂಡುಗಳನ್ನು ಎಷ್ಟು ಸಲ ಎಣಿಸುತ್ತಾರೆ ಎನ್ನುವುದೂ ಗೊತ್ತು.

ಕೊನೆಗೆ ನಮ್ಮಲ್ಲಿಗೇ ಸೇರಿಸಿದೆ. ಆದರೆ ಹೇಗೆ? ಅದೇ ಸರ್ಜನ್, ಅದೇ ಅಕ್ಕ ಇರುವ ಮಂಗಳವಾರ, ಬೆಳಗಿನ ಮೊದಲ ಕೇಸು. ಹಗಲು ನನ್ನದೇ ಡ್ಯೂಟಿ, ರಾತ್ರಿ ಅಮ್ಮನ ಮಂಚದ ಪಕ್ಕದ ಸ್ಟೂಲು. ನಾನು ಆರಿಸಿದ್ದು ಆಸ್ಪತ್ರೆಯನ್ನಲ್ಲ, ದಿನವನ್ನು, ಕೈಗಳನ್ನು. ಮೂರನೇ ದಿನ ಅಮ್ಮ ಮನೆಗೆ ಬಂದು ಮುದ್ದೆ ಕೇಳಿದರು.

ಪಕ್ಕದ ಬೆಡ್ಡಿನಲ್ಲಿ ಗುಡಿಬಂಡೆ ಕಡೆಯ ಅಜ್ಜಿ. ಅದೇ ಕಾಯಿಲೆ, ಅದೇ ಬಿಲ್ಲು. ಶನಿವಾರ ರಾತ್ರಿ ಬಂದು ಸೇರಿದವರು. ನೋವಿಗೆ ನರಳುತ್ತಿದ್ದರು. ನಾನೇ ಎದ್ದು ಹೋಗಿ ನೈಟ್ ಸಿಸ್ಟರನ್ನು ಕರೆದೆ. ‘ಬಂದೆ ಅಕ್ಕಾ, ಎರಡು ನಿಮಿಷ’ ಎಂದಳು, ಕೈಯಲ್ಲಿ ಇನ್ನೊಬ್ಬರ ಡ್ರಿಪ್ ಬಾಟಲಿ. ಇಂಜೆಕ್ಷನ್ ಬಂದದ್ದು ಮುಕ್ಕಾಲು ಗಂಟೆಯ ಮೇಲೆ. ಅವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಹಿಂದಿನ ವಾರ ಆ ಜಾಗದಲ್ಲಿದ್ದವಳು ನಾನೇ.

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ನನ್ನ ಮುಟ್ಟು ಏರುಪೇರಾದಾಗ ನಾನು ಮಾತ್ರ ಬೆಂಗಳೂರಿನ ಬಸ್ಸು ಹತ್ತಿದೆ. ನಮ್ಮ ಡಾಕ್ಟರ ಮೇಲೆ ನಂಬಿಕೆಯಿಲ್ಲದೆ ಅಲ್ಲ. ಲ್ಯಾಬಿನಲ್ಲಿ ಇರುವವಳು ನನ್ನ ರೂಮ್‌ಮೇಟು, ಸ್ಕ್ಯಾನಿಂಗ್‌ನಲ್ಲಿ ಇರುವವನು ಕಾಲೇಜಿನ ಸೀನಿಯರ್. ರಿಪೋರ್ಟು ನನ್ನ ಕೈಗೆ ಬರುವ ಮುಂಚೆ ಸುದ್ದಿ ಕ್ಯಾಂಟೀನಿಗೆ ತಲುಪಿರುತ್ತಿತ್ತು. ಇದನ್ನು ಮೇಡಂ ಮುಂದೆ ಹೇಳಿದ್ದರೆ ಕೆಲಸ ಸಿಗುತ್ತಿತ್ತೋ ಇಲ್ಲವೋ.

ಹೋದ ವಾರ ಎದುರು ಮನೆಯ ಅತ್ತೆ ಮಗನ ಹರ್ನಿಯಾ ಸ್ಕ್ಯಾನ್ ಹಿಡಿದು ಬಂದರು. ‘ಏನಮ್ಮಾ ನರ್ಸಮ್ಮ, ನಿಮ್ಮ ಆಸ್ಪತ್ರೆ ಆಗುತ್ತಾ?’

‘ಆಗುತ್ತೆ ಅತ್ತೆ. ಮಂಗಳವಾರ ಮಾಡಿಸೋಣ. ಹೊರಡೋ ಮುಂಚೆ ನಂಗೊಂದು ಫೋನ್ ಮಾಡಿ’ ಎಂದೆ.