ಕಸಿ ಮಾಡಿದ ಹೃದಯಕ್ಕೆ ವಿಟಮಿನ್ ಕಾವಲಾದೀತೆ?



1968ರ ಜನವರಿ 2ರಂದು ಕೇಪ್‌ಟೌನ್‌ನಲ್ಲಿ ಡಾ. ಕ್ರಿಶ್ಚಿಯನ್ ಬರ್ನಾರ್ಡ್ ಅವರು ಫಿಲಿಪ್ ಬ್ಲೈಬರ್ಗ್ ಎಂಬ ದಂತವೈದ್ಯರಿಗೆ 24 ವರ್ಷದ ಯುವಕನ ಹೃದಯವನ್ನು ಕಸಿ ಮಾಡಿದರು. ಬ್ಲೈಬರ್ಗ್ ಸುಮಾರು 19 ತಿಂಗಳು ಬದುಕಿದರು. ಮರಣಾನಂತರ ಪರೀಕ್ಷಿಸಿದಾಗ ವೈದ್ಯರಿಗೆ ಅಚ್ಚರಿ ಕಾದಿತ್ತು. ಆ ಎಳೆಯ ಹೃದಯದ ರಕ್ತನಾಳಗಳು ಮುದುಕರ ನಾಳಗಳಂತೆ ದಪ್ಪಗಟ್ಟಿ ಕಿರಿದಾಗಿದ್ದವು!

ಭಾರತದಲ್ಲಿ ಮೊದಲ ಯಶಸ್ವಿ ಹೃದಯ ಕಸಿ ನಡೆದದ್ದು 1994ರಲ್ಲಿ, ದೆಹಲಿಯಲ್ಲಿ. ಈಗ ಬೆಳಗಾವಿಯ ಕೆ.ಎಲ್.ಇ. ಆಸ್ಪತ್ರೆಯಲ್ಲೂ ಈ ಶಸ್ತ್ರಚಿಕಿತ್ಸೆ ನಡೆದಿದೆ. ಖಾನಾಪುರ ತಾಲ್ಲೂಕಿನ ಜಾಂಬೋಟಿಯಂಥ ಕಾಡಂಚಿನ ಊರಿಗೂ ಇದು ಇನ್ನು ದೂರದ ಸುದ್ದಿಯಲ್ಲ.

ನಾಳ ಕಿರಿದಾಗುವುದೇಕೆ?

ನಮ್ಮ ದೇಹದ ರೋಗನಿರೋಧಕ ವ್ಯವಸ್ಥೆ ಹೊಸ ಹೃದಯವನ್ನು ಪರಕೀಯವೆಂದೇ ಎಣಿಸುತ್ತದೆ. ಅದರ ದಾಳಿಗೆ ಮೊದಲು ಸಿಗುವುದು ರಕ್ತನಾಳದ ಒಳಪದರ. ಈ ಪದರ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ತಯಾರಿಸಿ ನಾಳವನ್ನು ಸಡಿಲವಾಗಿ ಇಡುತ್ತದೆ. ಪದರ ಘಾಸಿಗೊಂಡಾಗ ಉತ್ಕರ್ಷಣಕಾರಿ ಕಣಗಳು ಹೆಚ್ಚಿ ಆ ಅನಿಲವನ್ನು ನಾಶಮಾಡುತ್ತವೆ. ನಾಳದ ಗೋಡೆ ದಪ್ಪವಾಗುತ್ತದೆ.

ಸಾಮಾನ್ಯ ಹೃದ್ರೋಗವೆಂದರೆ ಕಾಲುವೆಗೆ ಅಲ್ಲಲ್ಲಿ ಬಂಡೆ ಬಿದ್ದಂತೆ. ಇದು ಕಾಲುವೆಯ ಉದ್ದಕ್ಕೂ ಹೂಳು ತುಂಬಿದಂತೆ. ಆದ್ದರಿಂದಲೇ ಬೈಪಾಸ್ ಶಸ್ತ್ರಚಿಕಿತ್ಸೆಯಿಂದ ಇಲ್ಲಿ ಹೆಚ್ಚು ಪ್ರಯೋಜನವಾಗುವುದಿಲ್ಲ. ಇನ್ನೊಂದು ಅಪಾಯವೂ ಉಂಟು. ಕಸಿಯ ವೇಳೆ ಹೃದಯದ ನರಗಳು ಕಡಿದುಹೋಗುವುದರಿಂದ ಎದೆನೋವು ಎಂಬ ಎಚ್ಚರಿಕೆಯ ಗಂಟೆ ಅನೇಕರಲ್ಲಿ ಬಾರಿಸುವುದೇ ಇಲ್ಲ.

ವಿಟಮಿನ್ ಪ್ರಯೋಗ

ಕತ್ತರಿಸಿದ ಸೇಬಿಗೆ ನಿಂಬೆರಸ ಸವರಿ ನೋಡಿ; ಬೇಗ ಕಂದುವುದಿಲ್ಲ. ಉತ್ಕರ್ಷಣವನ್ನು ತಡೆಯುವಲ್ಲಿ ರಸದ ಹುಳಿಯೊಂದಿಗೆ ಸಿ ವಿಟಮಿನ್ನಿನ ಪಾತ್ರವೂ ಇದೆ. ಇ ವಿಟಮಿನ್ ಕೊಬ್ಬಿನಂಶದಲ್ಲಿ ಇದೇ ಕೆಲಸ ಮಾಡುತ್ತದೆ. ಇವು ರಕ್ತನಾಳವನ್ನೂ ಕಾಯಬಲ್ಲವೆ?

ಅಮೆರಿಕದ ಬಾಸ್ಟನ್‌ನ ವೈದ್ಯರು ಹೃದಯ ಕಸಿಯಾದ 40 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೆರಡು ಬಾರಿ 500 ಮಿಲಿಗ್ರಾಂ ಸಿ ಮತ್ತು 400 ಯೂನಿಟ್ ಇ ವಿಟಮಿನ್. ಇನ್ನೊಂದಕ್ಕೆ ಔಷಧವಿಲ್ಲದ ಹುಸಿಮಾತ್ರೆ. ಎರಡೂ ಗುಂಪಿಗೆ ಕೊಲೆಸ್ಟರಾಲ್ ಇಳಿಸುವ ಪ್ರಾವಸ್ಟಾಟಿನ್ ಮಾತ್ರೆ ಇತ್ತು. ಒಂದು ವರ್ಷದ ನಂತರ ನಾಳದೊಳಗಿಂದಲೇ ಅಲ್ಟ್ರಾಸೌಂಡ್‌ನಿಂದ ಅಳೆದರು. ಒಳಗೋಡೆಯ ದಪ್ಪವನ್ನು ಸೂಚಿಸುವ ಅಂಕ ಹುಸಿಮಾತ್ರೆಯವರಲ್ಲಿ ಶೇಕಡಾ 8ರಷ್ಟು ಏರಿತ್ತು. ವಿಟಮಿನ್ ಪಡೆದವರಲ್ಲಿ ಶೇಕಡಾ 0.8 ಮಾತ್ರ. 2002ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಇದನ್ನು ಪ್ರಕಟಿಸಿತು.

ಹಾಗಾದರೆ ಅಂಗಡಿಗೆ ಓಡೋಣವೆ?

ತಾಳಿ! ಆ ಪ್ರಯೋಗದಲ್ಲಿದ್ದವರು 40 ಜನ, ಅವಧಿ ಒಂದೇ ವರ್ಷ. ಅಳೆದದ್ದು ಗೋಡೆಯ ದಪ್ಪವನ್ನು, ಆಯುಷ್ಯವನ್ನಲ್ಲ. ಅದೇ 2002ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ, ಹೃದ್ರೋಗದ ಅಪಾಯವಿದ್ದ 20,536 ಜನರಲ್ಲಿ ಅರ್ಧದಷ್ಟು ಮಂದಿಗೆ ಸುಮಾರು ಐದು ವರ್ಷ ಇಂಥ ವಿಟಮಿನ್‌ಗಳನ್ನು ಕೊಟ್ಟರೂ ಹೃದಯಾಘಾತ ತಗ್ಗಲಿಲ್ಲ. ಅವರು ಕಸಿಯಾದವರಲ್ಲ, ನಿಜ. ಆದರೂ ಅವಸರದ ತೀರ್ಮಾನ ಸಲ್ಲದೆಂಬ ಪಾಠ ಇದರಲ್ಲಿದೆ.

ಕಸಿಯಾದವರು ದೇಹದ ವಿರೋಧವನ್ನು ತಗ್ಗಿಸುವ ಔಷಧವನ್ನು ಜೀವನಪೂರ್ತಿ ಸೇವಿಸಬೇಕು. ರಕ್ತದಲ್ಲಿ ಅದರ ಮಟ್ಟ ಏರಿದರೂ ಕಷ್ಟ, ಇಳಿದರೂ ಕಷ್ಟ. ಚಕ್ಕೋತದಂಥ ಹಣ್ಣು ಕೂಡ ಆ ಮಟ್ಟವನ್ನು ಏರಿಸಬಲ್ಲದು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಹೆಚ್ಚು ಇ ವಿಟಮಿನ್‌ನಿಂದ ರಕ್ತಸ್ರಾವದ ಭಯವಿದೆ. ಆದ್ದರಿಂದ ವೈದ್ಯರನ್ನು ಕೇಳದೆ ಯಾವ ಮಾತ್ರೆಯನ್ನೂ ಸೇರಿಸಬಾರದು, ಯಾವುದನ್ನೂ ಬಿಡಬಾರದು.

ಊಟದ ಜೊತೆಗಿನ ನೆಲ್ಲಿಕಾಯಿ ಆಹಾರ; ದಿನಕ್ಕೆ ಸಾವಿರ ಮಿಲಿಗ್ರಾಂ ಮಾತ್ರೆ ಔಷಧ. ಇವೆರಡರ ಅಂತರ ತಿಳಿದಿರಲಿ. ಜಾಂಬೋಟಿಯಲ್ಲಿ ಎಷ್ಟೇ ಮಳೆ ಸುರಿಯಲಿ, ಕಸಿಯಾದವರು ಬೆಳಗಾವಿಗೆ ತಪಾಸಣೆಗೆ ಹೋಗುವ ದಿನವನ್ನು ತಪ್ಪಿಸಬಾರದು. ನೋವು ಹೇಳಿಕೊಳ್ಳಲಾರದ ಹೃದಯದ ಸ್ಥಿತಿಯನ್ನು ಪರೀಕ್ಷೆಯಿಂದಲೇ ತಿಳಿಯಬೇಕು.